ಪ್ರವಾಸ ಪ್ರಶ್ನೋತ್ತರ: ಮರುಭೂಮಿಯ ಹೆದ್ದಾರಿಯೂ ಗೆಳೆಯರ ಮನೆಯೂ

ಅಮೆರಿಕದ ನೈಋತ್ಯ ಭಾಗದ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ಹೋಗುವ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಬರೆದವರಲ್ಲಿ ಹೆಚ್ಚಿನವರು ದಂಪತಿಗಳು. ಎಲ್ಲರಿಗೂ ಅಲ್ಲೊಬ್ಬ ಗೆಳೆಯನೋ ಗೆಳತಿಯೋ ಇದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಅರವತ್ತರ ಆಸುಪಾಸಿನವರು. ಮಾರ್ಚ್ ಮೊದಲ ವಾರದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಳಿದು ಬಾಡಿಗೆ ಕಾರು ಹಿಡಿಯಬೇಕೆಂದಿದ್ದೇವೆ. ಫೀನಿಕ್ಸ್‌ನಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಿದೆ. ಟೂಸಾನ್‌ನಲ್ಲಿ ನನ್ನ ಹೆಂಡತಿಯ ಕಾಲೇಜು ದಿನಗಳ ಗೆಳತಿ ಇದ್ದಾರೆ. ಅವರಿಬ್ಬರೂ ಮುಖ ನೋಡಿ ಇಪ್ಪತ್ತೆರಡು ವರ್ಷವಾಯಿತು. ಜೋಶುವಾ ಟ್ರೀ, ಫೀನಿಕ್ಸ್, ಟೂಸಾನ್, ಗ್ರ್ಯಾಂಡ್ ಕ್ಯಾನಿಯನ್, ಮಾನ್ಯುಮೆಂಟ್ ವ್ಯಾಲಿ, ಲಾಸ್ ವೇಗಾಸ್, ಡೆತ್ ವ್ಯಾಲಿ, ಹೀಗೆ ಹನ್ನೆರಡು ದಿನದಲ್ಲಿ ಒಂದು ಸುತ್ತು ಮುಗಿಸುವ ಯೋಜನೆ. ಗೆಳೆಯರ ಮನೆಗಳಲ್ಲಿ ಒಂದೊಂದು ರಾತ್ರಿ ತಂಗುತ್ತೇವೆ. ಇದು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ಮಾಡಬೇಡಿ.

ನಿಮ್ಮ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು ಕೂಡಿಸಿದಾಗ ಸುಮಾರು 1,800 ಮೈಲಿ, ಅಂದರೆ 2,900 ಕಿಲೋಮೀಟರಿನಷ್ಟಾಯಿತು. ಅರಿಜೋನಾದ ಊರಾಚೆಯ ಹೆದ್ದಾರಿಗಳಲ್ಲಿ ಗಂಟೆಗೆ 75 ಮೈಲಿ, ನಮ್ಮ ಲೆಕ್ಕದಲ್ಲಿ 120 ಕಿ.ಮೀ. ವೇಗಕ್ಕೆ ಅನುಮತಿ ಇರುವುದರಿಂದ ಕಾಗದದ ಮೇಲೆ ಇದು ಸುಲಭವಾಗಿಯೇ ಕಾಣುತ್ತದೆ. ಆದರೆ ಆ ಲೆಕ್ಕ ಚಕ್ರ ಉರುಳುವ ಹೊತ್ತಿನದು ಮಾತ್ರ. ಮರುಭೂಮಿಯಲ್ಲಿ ನೋಡಬೇಕಾದದ್ದೆಲ್ಲ ಸೂರ್ಯ ಹುಟ್ಟುವ ಮೊದಲಿನ ಅರ್ಧ ಗಂಟೆಯಿಂದ ಬೆಳಗಿನ ಒಂಬತ್ತರವರೆಗೆ, ಮತ್ತೆ ಸಂಜೆ ಬಿಸಿಲು ಓರೆಯಾದ ಮೇಲೆ ನೋಡುವಂಥದ್ದು. ನಡುಹಗಲಿನಲ್ಲಿ ಬಂಡೆಗಳೆಲ್ಲ ಬಣ್ಣ ಕಳೆದುಕೊಂಡು ಒಂದೇ ಬೂದಿಯಾಗಿ ಕಾಣುತ್ತವೆ. ದಿನಕ್ಕೊಂದು ಊರು ಬದಲಿಸುವವರು ಬೆಳಿಗ್ಗೆ ಪೆಟ್ಟಿಗೆ ಕಟ್ಟುತ್ತಿರುತ್ತಾರೆ, ಸಂಜೆ ತಂಗುದಾಣ ಹುಡುಕುತ್ತಿರುತ್ತಾರೆ. ಅವರಿಗೆ ದಕ್ಕುವುದು ನಡುಹಗಲು ಮಾತ್ರ.

ನನ್ನ ಕೈಗೆ ಪೆನ್ಸಿಲ್ ಕೊಟ್ಟರೆ ಮೊದಲು ಮಾನ್ಯುಮೆಂಟ್ ವ್ಯಾಲಿಯನ್ನು ಹೊಡೆದುಹಾಕುತ್ತೇನೆ. ಅದು ಕೆಟ್ಟ ಜಾಗವೆಂದಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನಿಂದ ಅಲ್ಲಿಗೆ ಸುಮಾರು 180 ಮೈಲಿ, ಮತ್ತು ನೀವು ಹೋಗಬೇಕಾದ ಲಾಸ್ ವೇಗಾಸ್ ಅದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಉಳಿದ ದಿನಗಳನ್ನು ಟೂಸಾನ್‌ಗೆ ಕೊಡಿ. ಜೋಶುವಾ ಟ್ರೀ ಬಳಿ ಒಂದು ರಾತ್ರಿ, ಫೀನಿಕ್ಸ್‌ನಲ್ಲಿ ಎರಡು, ಟೂಸಾನ್‌ನಲ್ಲಿ ಮೂರು, ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಎರಡು, ಲಾಸ್ ವೇಗಾಸ್‌ನಲ್ಲಿ ನಿದ್ದೆಗಷ್ಟೇ ಒಂದು, ಡೆತ್ ವ್ಯಾಲಿಯಲ್ಲಿ ಎರಡು. ಹನ್ನೊಂದು ರಾತ್ರಿಗಳು ಸರಿಯಾಗಿ ಹೊಂದುತ್ತವೆ. ಬುಧವಾರ ಲಾಸ್ ಏಂಜಲೀಸ್ ಬಿಟ್ಟರೆ ಟೂಸಾನ್‌ನ ಗೆಳತಿಯ ಮನೆಗೆ ಶನಿವಾರ ತಲುಪುತ್ತೀರಿ. ಅವರು ಕೆಲಸಕ್ಕೆ ಹೋಗುವವರಾದರೆ ಈ ಒಂದು ಲೆಕ್ಕ ಉಳಿದೆಲ್ಲ ಲೆಕ್ಕಗಳಿಗಿಂತ ಮುಖ್ಯ. ಇಪ್ಪತ್ತೆರಡು ವರ್ಷದ ಮಾತು ಒಂದು ರಾತ್ರಿಯಲ್ಲಿ ಮುಗಿಯುವುದಿಲ್ಲ. ಮೊದಲ ಸಂಜೆ ಮಕ್ಕಳ ಸುದ್ದಿ, ಕಾಯಿಲೆಗಳ ಸುದ್ದಿಯಲ್ಲೇ ಕಳೆದುಹೋಗುತ್ತದೆ, ನಿಜವಾದ ಮಾತು ಶುರುವಾಗುವುದು ಎರಡನೆಯ ದಿನ.

ಟೂಸಾನ್‌ನಲ್ಲಿ ಮೂರು ದಿನ ಏನು ಮಾಡುವುದೆಂಬ ಚಿಂತೆಯೂ ಬೇಡ. ಊರಿನ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಎಂದು ಎರಡು ತುಂಡಾಗಿರುವ ಸಗ್ವಾರೊ ರಾಷ್ಟ್ರೀಯ ಉದ್ಯಾನವಿದೆ. ಪಶ್ಚಿಮದ ಭಾಗದ ಪಕ್ಕದಲ್ಲೇ 1952ರಲ್ಲಿ ತೆರೆದ ಅರಿಜೋನಾ ಸೊನೋರಾ ಮರುಭೂಮಿ ಸಂಗ್ರಹಾಲಯವಿದೆ. ಹೆಸರಿಗೆ ಸಂಗ್ರಹಾಲಯವಾದರೂ ಅದರ ಬಹುಭಾಗ ಬಯಲಿನಲ್ಲೇ ಇದ್ದು, ಮರುಭೂಮಿಯ ಗಿಡ, ಹಕ್ಕಿ, ಪ್ರಾಣಿಗಳನ್ನು ಜೀವಂತವಾಗಿ ನೋಡಬಹುದು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ, ಏಕೆಂದರೆ ಇಲ್ಲಿ ಅರ್ಧ ದಿನ ಕಳೆದ ಮೇಲೆ ಮುಂದಿನ ಸಾವಿರ ಮೈಲಿಯ ರಸ್ತೆಬದಿ ನಿಮಗೆ ಬರೀ ಪೊದೆಯಾಗಿ ಕಾಣುವುದಿಲ್ಲ. ಊರಿನ ದಕ್ಷಿಣಕ್ಕೆ, ಟೊಹೊನೊ ಓಡಮ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ, 1797ರಲ್ಲಿ ಕಟ್ಟಿ ಮುಗಿಸಿದ ಸಾನ್ ಹವಿಯೇರ್ ಡೆಲ್ ಬಾಕ್ ಎಂಬ ಬಿಳಿಯ ಇಗರ್ಜಿಯಿದೆ. ಇನ್ನೊಂದು ಬೆಳಿಗ್ಗೆ 2,791 ಮೀಟರ್ ಎತ್ತರದ ಮೌಂಟ್ ಲೆಮ್ಮನ್ ಹತ್ತಿ. ತಪ್ಪಲಿನಲ್ಲಿ ಕಂಬಗಳ್ಳಿಗಳು, ಮೇಲೆ ಪೈನ್ ಕಾಡು, ಮಾರ್ಚ್‌ನಲ್ಲಿ ಹಿಮವೂ ಸಿಕ್ಕೀತು. ನಡುವಿನ ದಾರಿ ಮೂವತ್ತು ಮೈಲಿಗಿಂತ ಕಡಿಮೆ.

ಜೋಶುವಾ ಟ್ರೀಯಲ್ಲಿ ಉತ್ತರದ ಬಾಗಿಲಿನಿಂದ ಒಳಹೊಕ್ಕು ದಕ್ಷಿಣದ ಬಾಗಿಲಿನಿಂದ ಹೊರಬನ್ನಿ. ಆ ಉದ್ಯಾನದೊಳಗೆ ಎರಡು ಮರುಭೂಮಿಗಳು ಕೂಡುತ್ತವೆ: ಎತ್ತರದ, ತಂಪಾದ ಮೊಹಾವಿ ಮತ್ತು ತಗ್ಗಿನ, ಬಿಸಿಯಾದ ಸೊನೋರಾದ ಒಂದು ಭಾಗ. ಸುಮಾರು 900 ಮೀಟರಿಗಿಂತ ಕೆಳಗಿಳಿಯುತ್ತಿದ್ದಂತೆ ಜೋಶುವಾ ಮರಗಳು ಮಾಯವಾಗಿ ಬೇರೆಯೇ ಗಿಡಗಂಟಿ ಶುರುವಾಗುವುದನ್ನು ಕಾರಿನ ಕಿಟಕಿಯಿಂದಲೇ ಗುರುತಿಸಬಹುದು. ಆ ಮರಕ್ಕೆ ಹೆಸರು ಮರವೆಂದಿದ್ದರೂ ಅದು ಯಕ್ಕಾ ಜಾತಿಯ ಗಿಡ. ನಮ್ಮ ಬೇಲಿಗಳಲ್ಲಿ ಕಾಣುವ ಭೂತಾಳೆಯ ಬಂಧು.

ಒಂದು ಎಚ್ಚರಿಕೆ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು 2,100 ಮೀಟರ್ ಎತ್ತರದಲ್ಲಿದೆ. ಮಾರ್ಚ್‌ನಲ್ಲಿ ಅಲ್ಲಿ ಹಿಮ ಬೀಳುವುದುಂಟು, ಬೆಳಗಿನ ಕಾಲುದಾರಿಗಳು ಮಂಜುಗಟ್ಟಿ ಜಾರುತ್ತವೆ. ಮರುಭೂಮಿಗೆಂದು ಹತ್ತಿಯ ಬಟ್ಟೆ ಮಾತ್ರ ತುಂಬಿಕೊಂಡು ಹೋದವರು ಆ ಅಂಚಿನಲ್ಲಿ ಹೋಟೆಲಿನ ಕಂಬಳಿ ಹೊದ್ದು ಸೂರ್ಯೋದಯ ನೋಡುವುದನ್ನು ಕಂಡಿದ್ದೇನೆ.

ಪ್ರಶ್ನೆ: ಕಳೆದ ವರ್ಷ ಅರಿಜೋನಾ ಸುತ್ತಿ ಬಂದೆವು. ಎಲ್ಲೂ ಮರಳಿನ ದಿಬ್ಬಗಳೇ ಕಾಣಲಿಲ್ಲ. ಅದನ್ನು ಮರುಭೂಮಿ ಎನ್ನುವುದೇಕೆ?

ಉತ್ತರ: ಮರಳಿಗೂ ಮರುಭೂಮಿಗೂ ನಾವು ಕಲ್ಪಿಸಿಕೊಂಡಷ್ಟು ನಂಟಿಲ್ಲ. ಲೋಕದ ಮರುಭೂಮಿಗಳಲ್ಲಿ ಮರಳು ಹೊದ್ದ ನೆಲ ಸುಮಾರು ಐದನೆಯ ಒಂದು ಭಾಗ. ಉಳಿದದ್ದು ಕಲ್ಲು, ಜಲ್ಲಿ, ಗಟ್ಟಿ ಮಣ್ಣು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುವುದು ವಾಡಿಕೆ. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿಯನ್ನು ಸಿಯೆರಾ ನೆವಾಡಾದಂಥ ಪರ್ವತಸಾಲುಗಳು ತಡೆದು ಬರಿದು ಮಾಡುವುದರಿಂದ ಅವುಗಳ ಆಚೆಯ ಡೆತ್ ವ್ಯಾಲಿ ಮಳೆನೆರಳಿನ ಪ್ರದೇಶವಾಗಿದೆ. ದಿಬ್ಬಗಳನ್ನೇ ನೋಡಬೇಕೆಂದಿದ್ದರೆ ಅಲ್ಲಿನ ಮೆಸ್ಕೀಟ್ ಫ್ಲ್ಯಾಟ್‌ಗೆ ಹೋಗಿ, ಅಥವಾ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ಗೆ. ಅಲ್ಲಿನ ಬಿಳಿಯ ದಿಬ್ಬಗಳು ಸಾಮಾನ್ಯ ಮರಳಿನವಲ್ಲ, ಜಿಪ್ಸಮ್ಮಿನವು.

ಪ್ರಶ್ನೆ: ನಮಗೆ ರಜೆ ಸಿಗುವುದೇ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ. ಗೆಳೆಯರು "ಕಾರಿನಲ್ಲಿ ಎ.ಸಿ. ಇರುತ್ತದೆ, ಬನ್ನಿ" ಎನ್ನುತ್ತಾರೆ. ಬೇಸಿಗೆಯಲ್ಲಿ ಹೋದರೆ ಅಷ್ಟೊಂದು ಅಪಾಯವೇ?

ಉತ್ತರ: ನಿಮ್ಮ ಗೆಳೆಯರು ಅಲ್ಲೇ ಬಾಳುವವರು. ಅವರ ಬೇಸಿಗೆಯೆಂದರೆ ಮನೆಯ ತಂಪಿನಿಂದ ಕಾರಿನ ತಂಪಿಗೆ, ಕಾರಿನಿಂದ ಕಚೇರಿಯ ತಂಪಿಗೆ ದಾಟುವ ಬೇಸಿಗೆ. ಪ್ರವಾಸಿ ಹಾಗಲ್ಲ, ಅವನು ಕಾರಿನಿಂದ ಇಳಿಯುವುದಕ್ಕೆಂದೇ ಹೋಗಿರುತ್ತಾನೆ.

ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಇಂದಿಗೂ ಭೂಮಿಯ ಮೇಲಿನ ಅತಿ ಹೆಚ್ಚಿನ ಉಷ್ಣಾಂಶವೆಂದು ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿದೆ. ಈ ಬಿಸಿಯ ಮೋಸವೆಂದರೆ ಮೈ ಬೆವರುವುದು ಗೊತ್ತೇ ಆಗುವುದಿಲ್ಲ. ಗಾಳಿ ಅಷ್ಟು ಒಣಗಿರುವುದರಿಂದ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ, ದೇಹ ಮಾತ್ರ ಬರಿದಾಗುತ್ತಿರುತ್ತದೆ. ಬಾಯಾರಿದಾಗ ಕುಡಿದರಾಯಿತು ಎನ್ನುವವರು ಅಷ್ಟರಲ್ಲಿ ಹಿಂದೆ ಬಿದ್ದಿರುತ್ತಾರೆ. ತಲೆಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು ಕಾರಿನಲ್ಲಿರಬೇಕು, ಅದರ ಜೊತೆಗೆ ಉಪ್ಪಿನಂಶವಿರುವ ತಿಂಡಿಯೂ ಇರಬೇಕು. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದ ಉಪ್ಪು ತೆಳುವಾಗಿ ಬೇರೊಂದು ತೊಂದರೆಗೆ ದಾರಿಯಾಗುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ವೈದ್ಯರೊಡನೆ ಈ ಮಾತನ್ನು ಆಡಿರಬೇಕು.

ಎ.ಸಿ.ಯ ಭರವಸೆಯ ಬಗ್ಗೆ ಹೇಳುವುದಾದರೆ, ಡೆತ್ ವ್ಯಾಲಿಯಿಂದ ಹೊರಬರುವ ಉದ್ದನೆಯ ಏರುಗಳಲ್ಲಿ ಎಂಜಿನ್ ಕಾಯದಿರಲೆಂದು ಎ.ಸಿ. ಆರಿಸುವಂತೆ ಹೆದ್ದಾರಿಯ ಫಲಕಗಳೇ ಹೇಳುತ್ತವೆ. ಕಾರು ಕೆಟ್ಟು ನಿಂತರೆ ಬಾನೆಟ್ ಎತ್ತಿಟ್ಟು, ಕಾರಿನ ನೆರಳಿನಲ್ಲೋ ಒಳಗೋ ಇರಿ. ದೂರದಲ್ಲಿ ಕಟ್ಟಡ ಕಾಣುತ್ತದೆಂದು ನಡೆದು ಹೊರಡಬೇಡಿ. ಬಯಲಿನ ಗಾಳಿ ತಿಳಿಯಾಗಿರುವುದರಿಂದ ಎರಡು ಮೈಲಿಯಂತೆ ಕಾಣುವುದು ಹತ್ತು ಮೈಲಿಯಿರುತ್ತದೆ. ಫೋನಿಗೆ ಸಿಗ್ನಲ್ ಸಿಗದ ದಾರಿಯೇ ಹೆಚ್ಚು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ಕಾಗದದ ನಕ್ಷೆಯೂ ಒಂದಿರಲಿ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಇಳಿದಾಗಲೇ ತುಂಬಿಸಿ.

ಜುಲೈ ಎಂದರೆ ಮಳೆಗಾಲವೂ ಹೌದು. ಅಲ್ಲಿನ ಜನ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಮಧ್ಯಾಹ್ನದ ಮೇಲೆ ದಟ್ಟ ಮೋಡ ಕಟ್ಟಿ, ಎಲ್ಲೋ ಒಂದು ಕಡೆ ಅರ್ಧ ಗಂಟೆ ಹೊಡೆದು ಹೋಗುವ ಮಳೆ ಅದು. ಗಟ್ಟಿ ನೆಲ ನೀರು ಹೀರುವುದಿಲ್ಲವಾದ್ದರಿಂದ ಒಣ ಹಳ್ಳಗಳು ಕ್ಷಣದಲ್ಲಿ ಹೊಳೆಗಳಾಗುತ್ತವೆ. ನಿಮ್ಮ ತಲೆಯ ಮೇಲೆ ಮಳೆ ಬೀಳಬೇಕೆಂದೂ ಇಲ್ಲ. 1997ರ ಆಗಸ್ಟ್ 12ರಂದು ಆಂಟಿಲೋಪ್ ಕ್ಯಾನಿಯನ್‌ನ ಕಿರಿದಾದ ಕಲ್ಲಿನ ಸೀಳಿನೊಳಗೆ ಇದ್ದ ಹನ್ನೊಂದು ಪ್ರವಾಸಿಗರನ್ನು ಕೊಂದ ನೀರು ಮೈಲಿಗಳಾಚೆ ಬಿದ್ದ ಮಳೆಯದು. ನೀರು ಹರಿಯುತ್ತಿರುವ ರಸ್ತೆಗೆ ಅಡ್ಡಗಟ್ಟೆ ಹಾಕಿದ್ದರೂ ಅದನ್ನು ಬಳಸಿಕೊಂಡು ಕಾರು ನುಗ್ಗಿಸಿ ಸಿಕ್ಕಿಬಿದ್ದವರಿಂದ ರಕ್ಷಣೆಯ ಖರ್ಚನ್ನು ವಸೂಲು ಮಾಡುವ ಕಾನೂನು ಅರಿಜೋನಾದಲ್ಲಿದೆ. ಜನರ ಬಾಯಲ್ಲಿ ಅದರ ಹೆಸರು "ಮೂರ್ಖ ಚಾಲಕರ ಕಾನೂನು". ನಗು ಬರುವ ಹೆಸರು, ಆದರೆ ಆ ಅಡ್ಡಗಟ್ಟೆಯ ಮುಂದೆ ನಿಂತಾಗ ನೀರು ಮೊಣಕಾಲುದ್ದವೂ ಇಲ್ಲವೆಂದು ಅನ್ನಿಸುವುದು ಎಲ್ಲರಿಗೂ ಸಹಜ.

ಅದೇ ತಿಂಗಳುಗಳಲ್ಲಿ ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಹೆದ್ದಾರಿಯಲ್ಲಿ ದೂಳಿನ ಗೋಡೆಯೊಂದು ಎದ್ದು ಬರುವುದುಂಟು. ಆಗ ರಸ್ತೆಯಿಂದ ಆದಷ್ಟು ದೂರಕ್ಕೆ ಸರಿದು ನಿಲ್ಲಿಸಿ, ಎಲ್ಲ ದೀಪಗಳನ್ನೂ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಆರಿಸುವುದು ವಿಚಿತ್ರವೆನಿಸಬಹುದು. ಆದರೆ ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ಓಡುತ್ತಿರುವ ಕಾರೆಂದು ತಿಳಿದು, ಹಿಂಬಾಲಿಸಿ ಬಂದು ಗುದ್ದುತ್ತಾರೆ.

ಇಷ್ಟೆಲ್ಲ ಓದಿದ ಮೇಲೂ ಜುಲೈಯಲ್ಲೇ ಹೋಗುವುದಾದರೆ ಡೆತ್ ವ್ಯಾಲಿಯನ್ನು ಕೈಬಿಡಿ; ಗ್ರ್ಯಾಂಡ್ ಕ್ಯಾನಿಯನ್‌ನ ಅಂಚು, ಫ್ಲ್ಯಾಗ್‌ಸ್ಟಾಫ್, ಮೌಂಟ್ ಲೆಮ್ಮನ್‌ನಂಥ ಎತ್ತರದ ಜಾಗಗಳಲ್ಲಿ ಹಗಲು ಕಳೆಯಿರಿ; ತಗ್ಗಿನ ಮರುಭೂಮಿಯಲ್ಲಿ ಬೆಳಿಗ್ಗೆ ಹತ್ತರ ನಂತರ ನಡಿಗೆ ಬೇಡ.

ಪ್ರಶ್ನೆ: ಸಗ್ವಾರೊ ಕಳ್ಳಿಯ ಒಂದು ಸಣ್ಣ ತುಂಡನ್ನು ತಂದು ನಮ್ಮ ಅಂಗಳದಲ್ಲಿ ನೆಡಬಹುದೇ?

ಉತ್ತರ: ಬೇಡ. ಅದನ್ನು ಕಡಿಯುವುದು ಅರಿಜೋನಾದ ಕಾನೂನಿನಂತೆ ಅಪರಾಧ, ಗಿಡಗಳನ್ನು ಗಡಿ ದಾಟಿಸುವುದಕ್ಕೆ ಬೇರೆಯೇ ಕಟ್ಟುಪಾಡುಗಳಿವೆ. ಅವೆಲ್ಲಕ್ಕಿಂತ ಮುಖ್ಯವಾಗಿ, ಆ ಗಿಡದ ವಯಸ್ಸನ್ನು ತಿಳಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಮೊದಲ ತೋಳು ಮೂಡಲು ಅದಕ್ಕೆ ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು, ಒಣ ಜಾಗಗಳಲ್ಲಿ ಅದಕ್ಕಿಂತ ಹೆಚ್ಚು. ಆಯುಸ್ಸು ನೂರೈವತ್ತು ವರ್ಷ ದಾಟುತ್ತದೆ. ಟೊಹೊನೊ ಓಡಮ್ ಜನರಿಗೆ ಬೇಸಿಗೆಯಲ್ಲಿ ಅದರ ಹಣ್ಣು ಕೊಯ್ಯುವ ಕಾಲವೇ ಹೊಸ ವರ್ಷ.

ಹೆಸರಿನ ಬಗ್ಗೆಯೂ ಒಂದು ಮಾತು. ನಾವು ಕಳ್ಳಿ ಎನ್ನುವ, ಮುರಿದರೆ ಹಾಲು ಸುರಿಯುವ ನಾಡಿನ ಗಿಡಗಳು ಸಗ್ವಾರೊದ ಬಳಗವಲ್ಲ. ಅವು ಬೇರೆ ಕುಟುಂಬದವು. ನಮ್ಮಲ್ಲಿರುವ ಪಾಪಾಸುಕಳ್ಳಿ ಮಾತ್ರ ನಿಜವಾದ ಬಂಧು, ಅದೂ ಅಮೆರಿಕ ಖಂಡದಿಂದಲೇ ಬಂದದ್ದು. ಹೀಗಾಗಿ ಸಗ್ವಾರೊದ ನೆಂಟನೊಬ್ಬ ಈಗಾಗಲೇ ನಿಮ್ಮ ಊರಿನಲ್ಲಿರಬಹುದು.

ದೂರವಿರಬೇಕಾದದ್ದು ಚೋಯಾ ಎಂಬ ಕಳ್ಳಿಯಿಂದ. ಬೆಳಗಿನ ಬಿಸಿಲಿನಲ್ಲಿ ಹತ್ತಿಯ ಉಂಡೆಗಳಂತೆ ಹೊಳೆಯುವ ಅದರ ತುಂಡುಗಳು ತುಸು ತಾಗಿದರೂ ಕಳಚಿಕೊಂಡು ಮೈಗೆ ಅಂಟುತ್ತವೆ. ಫೋಟೋ ತೆಗೆಯುವ ಆತುರದಲ್ಲಿ ನಾನು ಹಿಂದಕ್ಕೆ ಹೆಜ್ಜೆಯಿಟ್ಟು ಮೀನಖಂಡಕ್ಕೆ ಒಂದನ್ನು ಅಂಟಿಸಿಕೊಂಡೆ, ಅದನ್ನು ಕೈಯಿಂದ ಕೀಳಲು ಹೋಗಿ ಕೈಗೂ ಅಂಟಿಸಿಕೊಂಡೆ. ಹೆಂಡತಿ ತನ್ನ ಬಾಚಣಿಗೆಯನ್ನು ಕಾಲಿಗೂ ಕಳ್ಳಿಗೂ ನಡುವೆ ತೂರಿಸಿ ಒಮ್ಮೆಲೇ ಎತ್ತಿ ಎಸೆದಳು. ಅಲ್ಲಿನವರು ಮಾಡುವುದೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಹಲ್ಲು ಅಗಲವಾದ ಒಂದು ಬಾಚಣಿಗೆ, ಉಳಿದ ಮುಳ್ಳು ಕೀಳಲು ಒಂದು ಚಿಮಟ, ಇವೆರಡೂ ಚೀಲದಲ್ಲಿರಲಿ.

ಪ್ರಶ್ನೆ: ಚಾಲನಾ ಪರವಾನಗಿ, ಗಡಿಯಾರ, ಪ್ರವೇಶಶುಲ್ಕ, ಇವುಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?

ಉತ್ತರ: ಇಂಗ್ಲಿಷಿನಲ್ಲಿರುವ ಊರಿನ ಪರವಾನಗಿಯೊಂದಿಗೆ ಅಂತಾರಾಷ್ಟ್ರೀಯ ಪರವಾನಗಿಯನ್ನೂ ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಿ, ಎರಡನೆಯದಕ್ಕೆ ಮೊದಲನೆಯದು ಜೊತೆಗಿದ್ದರೆ ಮಾತ್ರ ಬೆಲೆ. ಇಬ್ಬರೂ ಓಡಿಸುವುದಾದರೆ ಇಬ್ಬರ ಹೆಸರೂ ಬಾಡಿಗೆಯ ಕರಾರಿನಲ್ಲಿರಬೇಕು, ಇಲ್ಲವಾದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಇಳಿಯಬಾರದೆಂಬ ಸಾಲು ಇದೆಯೇ ಎಂದೂ ನೋಡಿ.

ಗಡಿಯಾರದ ವಿಷಯ ನಿಜವಾಗಿಯೂ ಗೋಜಲು. ಮಾರ್ಚ್ ಎರಡನೆಯ ಭಾನುವಾರ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತವೆ, ಅರಿಜೋನಾ ತಿರುಗಿಸುವುದಿಲ್ಲ. ಅರಿಜೋನಾದೊಳಗೇ ಇರುವ, ನವಾಹೊ ಎಂಬ ಮೂಲನಿವಾಸಿ ಜನರ ನಾಡು ತಿರುಗಿಸುತ್ತದೆ; ಆ ನಾಡಿನ ನಡುವೆ ಇರುವ ಹೋಪಿ ಜನರ ನಾಡು ತಿರುಗಿಸುವುದಿಲ್ಲ. ಫೋನು ತಾನಾಗಿ ಸಮಯ ಬದಲಿಸಿಕೊಳ್ಳುತ್ತಾ ಹೋಗುವುದರಿಂದ, ಆಂಟಿಲೋಪ್ ಕ್ಯಾನಿಯನ್‌ನಂಥ ಕಡೆ ಮಾರ್ಗದರ್ಶಕರೊಡನೆ ಮುಂಗಡವಾಗಿ ಗೊತ್ತುಮಾಡಿದ ಭೇಟಿಗೆ ಯಾವ ಸಮಯ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ಅಲ್ಲಿಗೆ ಮಾರ್ಗದರ್ಶಕರಿಲ್ಲದೆ ಒಳಬಿಡುವುದಿಲ್ಲ. ಅದೂ, ಮಾನ್ಯುಮೆಂಟ್ ವ್ಯಾಲಿಯೂ ನವಾಹೊ ಜನರ ಆಡಳಿತಕ್ಕೆ ಸೇರಿರುವುದರಿಂದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಅಲ್ಲಿ ನಡೆಯುವುದಿಲ್ಲ. ಆ ಪಾಸಿಗೆ 2026ರಿಂದ ಅಮೆರಿಕದ ನಿವಾಸಿಗಳಿಗೆ ಒಂದು ದರ, ಹೊರದೇಶದವರಿಗೆ ಹೆಚ್ಚಿನ ದರ ನಿಗದಿಯಾಗಿದೆ. ಗೆಳೆಯರ ಹಳೆಯ ಲೆಕ್ಕವನ್ನು ನಂಬದೆ ಉದ್ಯಾನ ಇಲಾಖೆಯ ಪ್ರಕಟಣೆಯನ್ನೇ ನೋಡಿ.

ಟೂಸಾನ್‌ನಿಂದ ದಕ್ಷಿಣಕ್ಕೆ ಹೋಗುವವರು ಪಾಸ್‌ಪೋರ್ಟನ್ನು ಗೆಳೆಯರ ಮನೆಯಲ್ಲಿ ಬಿಟ್ಟುಹೋಗಬೇಡಿ. ಮೆಕ್ಸಿಕೋ ಗಡಿಯನ್ನು ದಾಟದಿದ್ದರೂ ಹೆದ್ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಇರುತ್ತದೆ.

ಪ್ರಶ್ನೆ: ನನ್ನ ಗಂಡನಿಗೆ ಕಾರು ಓಡುತ್ತಲೇ ಇರಬೇಕು, ನನಗೆ ಒಂದು ಕಡೆ ಕುಳಿತು ನೋಡಬೇಕು. ಕಳೆದ ಪ್ರವಾಸದಲ್ಲಿ ಎರಡು ದಿನ ಮಾತೇ ನಿಂತಿತ್ತು. ಈ ಬಾರಿ ನಡುವೆ ಗೆಳೆಯರ ಮನೆಯೂ ಇದೆ. ಏನು ಮಾಡಲಿ?

ಉತ್ತರ: ಗೆಳೆಯರ ಮನೆಗೆ ಹೋಗುವ ಮೊದಲೇ ರಾಜಿಯಾಗಿರಿ, ಆತಿಥೇಯರು ಮೂರು ದಿನ ನ್ಯಾಯಾಧೀಶರಾಗಿ ಕೂರಬಾರದು. ನಾವಿಬ್ಬರೂ ಇಂಥದ್ದೇ ಜೋಡಿಯಾದ್ದರಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಎರಡು ಗಂಟೆಗೊಮ್ಮೆ ಚಾಲಕರ ಬದಲಾವಣೆ, ಮತ್ತು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ತೀರ್ಮಾನ ಸ್ಟಿಯರಿಂಗ್ ಹಿಡಿಯದವರದ್ದು. ಸ್ಟಿಯರಿಂಗ್ ಹಿಡಿದವರ ಕಣ್ಣು ಮುಂದಿನ ಊರಿನ ಮೇಲಿರುತ್ತದೆ; ಪಕ್ಕದಲ್ಲಿ ಕುಳಿತವರಿಗೇ ದಾರಿ ಕಾಣುವುದು. ಇನ್ನೊಂದು, ಸಂಜೆಯ ಹೊತ್ತು ಪಶ್ಚಿಮಕ್ಕೆ ಓಡಿಸುವ ಪ್ರಸಂಗ ಬರದಂತೆ ದಾರಿ ಹಾಕಿಕೊಳ್ಳಿ. ನೇರ ರಸ್ತೆ, ಕಣ್ಣಿಗೆ ಚುಚ್ಚುವ ಸೂರ್ಯ, ಆಯಾಸ ಮೂರೂ ಸೇರಿದಾಗ ಆಡಿದ ಮಾತುಗಳೇ ನಿಮ್ಮ ಆ ಎರಡು ದಿನಗಳ ಮೌನಕ್ಕೆ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ.

ಗೆಳೆಯರ ಮನೆಯಲ್ಲಿ ಒಂದು ಹಗಲನ್ನಾದರೂ ನೀವಿಬ್ಬರೇ ಹೊರಗೆ ಕಳೆಯಿರಿ. ಅವರಿಗೂ ತಮ್ಮ ಮನೆ ಒಂದಿಷ್ಟು ಹೊತ್ತು ತಮಗೇ ಸಿಗಬೇಕು. ಅವರು ನೂರು ಸಲ ನೋಡಿದ ಜಾಗಕ್ಕೆ ನಿಮಗಾಗಿ ಮತ್ತೊಮ್ಮೆ ಬರುವಂತೆ ಒತ್ತಾಯಿಸಬೇಡಿ. ಬದಲಿಗೆ ಅವರು ನೋಡದೇ ಉಳಿದಿರುವುದು ಯಾವುದೆಂದು ಕೇಳಿ ಅಲ್ಲಿಗೆ ಜೊತೆಯಾಗಿ ಹೋಗಿ. ಮನೆಯ ಪಕ್ಕದ ಊರನ್ನೇ ಹತ್ತು ವರ್ಷ ಮುಂದೂಡಿದವರು ಎಲ್ಲ ಕಡೆಯೂ ಇರುತ್ತಾರೆ.

ಪ್ರಶ್ನೆ: ನಕ್ಷತ್ರಗಳನ್ನು ನೋಡಲು ಯಾವ ಜಾಗ ಒಳ್ಳೆಯದು?

ಉತ್ತರ: ಡೆತ್ ವ್ಯಾಲಿ. ಫ್ಲ್ಯಾಗ್‌ಸ್ಟಾಫ್ ಕೂಡ ಇದಕ್ಕೆ ಹೆಸರಾದ ಊರೇ. 1930ರಲ್ಲಿ ಪ್ಲೂಟೊವನ್ನು ಕಂಡುಹಿಡಿದ ಲೊವೆಲ್ ವೀಕ್ಷಣಾಲಯ ಇರುವುದು ಅಲ್ಲಿ. ರಾತ್ರಿಯ ಕತ್ತಲನ್ನು ಕಾಪಾಡಿಕೊಂಡದ್ದಕ್ಕಾಗಿ 2001ರಲ್ಲಿ ಮೊದಲ ಅಂತಾರಾಷ್ಟ್ರೀಯ ಕಪ್ಪು ಆಗಸದ ನಗರವೆಂಬ ಮನ್ನಣೆ ಪಡೆದದ್ದೂ ಅದೇ ಊರು. ಆದರೂ ಊರು ಊರೇ. ಡೆತ್ ವ್ಯಾಲಿಯಲ್ಲಿ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಿಗೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಉಳಿಕೆ ಮಳೆ ಒಂದೇ ದಿನದಲ್ಲಿ ಒಂದು ವರ್ಷದ ನೀರು ಸುರಿಸಿದಾಗ ಅಲ್ಲೊಂದು ಕೆರೆಯೇ ಆಗಿ ರಸ್ತೆಗಳು ವಾರಗಟ್ಟಲೆ ಮುಚ್ಚಿದ್ದವು. ಹೀಗಾಗಿ ಹೊರಡುವ ದಿನ ರಸ್ತೆಗಳು ತೆರೆದಿವೆಯೇ ಎಂದು ವಿಚಾರಿಸಿಕೊಳ್ಳಿ. ತಲುಪಿದ ಮೇಲೆ ಕಾರಿನ ಒಳದೀಪವನ್ನೂ ಫೋನನ್ನೂ ಆರಿಸಿ ಅರ್ಧ ಗಂಟೆ ಸುಮ್ಮನೆ ಕುಳಿತಿರಿ. ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕಾಗುತ್ತದೆ.